ಕಾಸರಗೋಡಿನ ಮಳೆಗೆ ಯಾವ ಗೋಳಾರ್ಧದ ಲಸಿಕೆ?

ಮೇ ತಿಂಗಳು ಬಂತೆಂದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟದವರಿಗೆ ಒಂದೇ ತಲೆಬಿಸಿ: ಮದ್ದು ಬಿಡಲು ಜನ ಸಿಕ್ಕಿದರಾ? ಮಳೆ ಹಿಡಿಯುವ ಮೊದಲೇ ಮೈಲುತುತ್ತು-ಸುಣ್ಣದ ದ್ರಾವಣ ಗೊನೆಗೆ ಬೀಳಬೇಕು. ಕೊಳೆರೋಗ ಬಂದ ಮೇಲೆ ಎಷ್ಟು ಮದ್ದು ಬಿಟ್ಟರೂ ಉದುರಿದ ಅಡಿಕೆ ಮತ್ತೆ ಗೊನೆಗೆ ಏರುವುದಿಲ್ಲ. ಫ್ಲೂ ಲಸಿಕೆಗೂ ಇದೇ ಲೆಕ್ಕ. ಆದರೆ ಅದರ ವಿಚಾರದಲ್ಲಿ ನಮಗೆ ಅಂಥ ಅವಸರವಿಲ್ಲ; ಕಾಳುಮೆಣಸಿನ ಕಷಾಯ ಇದೆಯಲ್ಲ!

ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ಮೈಲುತುತ್ತಿನಲ್ಲಿರುವ ತಾಮ್ರಕ್ಕೆ ಶತ್ರುವಿನ ಮುಖಪರಿಚಯ ಬೇಕಿಲ್ಲ. ಲಸಿಕೆಯಿಂದ ಹುಟ್ಟುವ ಪ್ರತಿಕಾಯಗಳಿಗೆ ಬೇಕು. ಫ್ಲೂ ವೈರಸ್ಸಿನ ಮೈಮೇಲೆ ಹೀಮಗ್ಲುಟಿನಿನ್ ಎಂಬ ಪ್ರೋಟೀನಿನ ಮುಳ್ಳುಗಳಿವೆ. ಪ್ರತಿಕಾಯ ಗುರುತು ಹಿಡಿಯುವುದು ಮುಖ್ಯವಾಗಿ ಅವುಗಳ ಆಕಾರವನ್ನು. ವೈರಸ್ಸಿನ ವಂಶವಾಹಿ ಎಂಟು ತುಂಡುಗಳ ಆರ್‌ಎನ್‌ಎ. ಅದನ್ನು ನಕಲು ಮಾಡುವಾಗ ಆದ ತಪ್ಪುಗಳು ಹೆಚ್ಚಾಗಿ ತಿದ್ದುಪಡಿಯಾಗದೆ ಉಳಿಯುತ್ತವೆ. ಅಂಥ ತಪ್ಪೊಂದು ಮುಳ್ಳಿನ ತುದಿಯನ್ನು ಸ್ವಲ್ಪ ತಿರುಚಿದರೆ ಸಾಕು, ಹೋದ ವರ್ಷದ ಪ್ರತಿಕಾಯಕ್ಕೆ ಈ ವರ್ಷದ ವೈರಸ್ ಅಪರಿಚಿತ.

ಈ ಬದಲಾವಣೆಯ ಮೇಲೆ ಕಣ್ಣಿಡುವ ಜಾಲವನ್ನು ವಿಶ್ವ ಆರೋಗ್ಯ ಸಂಸ್ಥೆ 1952ರಲ್ಲೇ ಕಟ್ಟಿತು. ನಮ್ಮ ದೇಶದ ಮಟ್ಟಿಗೆ ಅದರ ಕೇಂದ್ರ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ. ಅದರ ಕೇರಳ ಘಟಕ ಆಲಪ್ಪುಳದಲ್ಲಿದೆ. ರೋಗಿಗಳ ಮೂಗು-ಗಂಟಲಿನಿಂದ ತೆಗೆದ ದ್ರವದಲ್ಲಿ ಸಿಕ್ಕ ವೈರಸ್ಸಿನ ವಂಶವಾಹಿಯನ್ನು ಈಗ ಬೇಗನೆ ಓದಬಹುದು. ಆದರೂ ಅಕ್ಷರ ಬದಲಾದರೆ ಮುಖವೂ ಬದಲಾಯಿತೇ ಎಂದು ತಿಳಿಯಲು ಇವತ್ತಿಗೂ ಮುಂಗುಸಿಯಂತೆ ಕಾಣುವ ಫೆರೆಟ್ ಎಂಬ ಪ್ರಾಣಿಯೇ ಬೇಕು. ಹಳೆಯ ವೈರಸ್ ತಗಲಿಸಿದ ಫೆರೆಟ್‌ನ ರಕ್ತದ ಸೀರಮನ್ನು (ಪ್ರತಿಕಾಯಗಳಿರುವ ತಿಳಿ ದ್ರವ) ಹೊಸ ವೈರಸ್ಸಿನ ಜೊತೆ ಬೆರೆಸಿ, ಮೇಲಿಂದ ಕೆಂಪು ರಕ್ತಕಣ ಹಾಕುತ್ತಾರೆ. ಸೀರಮ್ ವೈರಸ್ಸನ್ನು ಗುರುತಿಸಿ ಕಟ್ಟಿಹಾಕಿದರೆ ರಕ್ತಕಣಗಳು ತಳಕ್ಕಿಳಿದು ಗುಂಡಿಯಂತೆ ಕೂರುತ್ತವೆ. ಗುರುತಿಸದಿದ್ದರೆ ವೈರಸ್ ಅವನ್ನು ಬಲೆಯಂತೆ ಹೆಣೆದುಬಿಡುತ್ತದೆ. ಸೀರಮನ್ನು ನೀರು ಮಾಡುತ್ತ ಹೋಗಿ, ಎಷ್ಟು ತೆಳುವಾಗುವವರೆಗೆ ಅದು ಕೆಲಸ ಮಾಡುತ್ತದೆಂದು ನೋಡುತ್ತಾರೆ. ಹಳೆಯ ವೈರಸ್ಸಿಗೂ ಹೊಸದಕ್ಕೂ ಎಂಟು ಪಟ್ಟಿನ ಅಂತರ ಬಂದರೆ ಅಪಾಯದ ಗಂಟೆ. 1940ರ ದಶಕದ ಈ ಪರೀಕ್ಷೆ ಇನ್ನೂ ಮೂಲೆಗೆ ಬಿದ್ದಿಲ್ಲ ಎನ್ನುವುದು ನನಗಂತೂ ಖುಷಿಯ ವಿಷಯ.

ಈ ಮಾಹಿತಿ ಇಟ್ಟುಕೊಂಡು ತಜ್ಞರು ವರ್ಷಕ್ಕೆ ಎರಡು ಸಲ ಸೇರುತ್ತಾರೆ: ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧದ ಲಸಿಕೆಗೆ, ಸೆಪ್ಟೆಂಬರಿನಲ್ಲಿ ದಕ್ಷಿಣದ್ದಕ್ಕೆ. ಹೆಚ್ಚಿನ ಲಸಿಕೆ ಇನ್ನೂ ಕೋಳಿಮೊಟ್ಟೆಯಲ್ಲೇ ಬೆಳೆಯುವುದರಿಂದ ತಯಾರಿಗೆ ಸುಮಾರು ಆರು ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ವೈರಸ್ ಕೈತಪ್ಪಬಹುದು. 2014-15ರ ಚಳಿಗಾಲದಲ್ಲಿ ಎಚ್3ಎನ್2 ಎಂಬ ಬಗೆಯ ಫ್ಲೂ ವೈರಸ್ ಹಾಗೆಯೇ ಮಾಡಿ, ಅಮೆರಿಕದಲ್ಲಿ ಲಸಿಕೆಯ ಪರಿಣಾಮ ಸುಮಾರು 19 ಶೇಕಡಕ್ಕೆ ಇಳಿಯಿತು.

ನಮ್ಮ ಪ್ರಶ್ನೆ ಇರುವುದು ಇಲ್ಲೇ. ಕಾಸರಗೋಡು ಭೂಮಧ್ಯರೇಖೆಯಿಂದ ಹನ್ನೆರಡೂವರೆ ಡಿಗ್ರಿ ಉತ್ತರದಲ್ಲಿದೆ. ಭೂಪಟ ನೋಡಿದರೆ ಉತ್ತರದ ಲಸಿಕೆಯೇ ಸರಿ. ಆದರೆ ಅದು ಪೇಟೆಗೆ ಬರುವ ಹೊತ್ತಿಗೆ ನಮ್ಮ ಮುಂಗಾರು, ಅದರ ಜೊತೆಗಿನ ಜ್ವರದ ಸುಗ್ಗಿ ಎರಡೂ ಮುಗಿಯುತ್ತ ಬಂದಿರುತ್ತವೆ. ಭಾರತದಲ್ಲಿ ಚಳಿಗಾಲವೇ ಮುಖ್ಯ ಫ್ಲೂ ಕಾಲ ಎನ್ನಬಹುದಾದದ್ದು ಶ್ರೀನಗರದಂಥ ಕಡೆ. ಪುಣೆ, ದೆಹಲಿ, ಕೋಲ್ಕತ್ತಗಳಲ್ಲೂ ಮಳೆಗಾಲದ ಏರಿಕೆ ಕಂಡಿದೆ. ಹಿಂಗಾರಿನ ಚೆನ್ನೈ, ವೆಲ್ಲೂರುಗಳಲ್ಲಿ ಅದು ಅಕ್ಟೋಬರ್-ನವೆಂಬರಿಗೆ ಸರಿದದ್ದೂ ಇದೆ. ಹಾಗಾಗಿ ಮಳೆಗೆ ಮೊದಲು ಕೈಗೆ ಸಿಗುವ ದಕ್ಷಿಣ ಗೋಳಾರ್ಧದ ಲಸಿಕೆಯೇ ನಮಗೆ ಹೊಂದುವುದು. ಆಡಳಿತಕ್ಕೆ ತಿರುವನಂತಪುರ, ಆಸ್ಪತ್ರೆಗೆ ಮಂಗಳೂರು ಎಂದು ಬದುಕುವ ನಮಗೆ ಇದೇನೂ ವಿಚಿತ್ರವಲ್ಲ ಬಿಡಿ.

ಪೆಟ್ಟಿಗೆಯ ಮೇಲೆ ಒಂದೇ ಇಸವಿ ಇದ್ದರೆ ಸಾಮಾನ್ಯವಾಗಿ ಅದು ದಕ್ಷಿಣದ್ದು. 2025-26 ಎಂಬಂತೆ ಜೋಡಿ ಇಸವಿ ಇದ್ದರೆ ಉತ್ತರದ್ದು. ಯಾರು ಹಾಕಿಸಿಕೊಳ್ಳಬೇಕೆಂದು ವೈದ್ಯರನ್ನೇ ಕೇಳಿ. ವಯಸ್ಸಾದವರು, ಗರ್ಭಿಣಿಯರು, ದಮ್ಮು-ಸಕ್ಕರೆ ಕಾಯಿಲೆಯವರು ಮುಂದಾಗಿ ಕೇಳಬೇಕು. ಚುಚ್ಚಿದ ಮೇಲೆ ಪ್ರತಿಕಾಯ ಸಜ್ಜಾಗಲು ಸುಮಾರು ಎರಡು ವಾರ ಬೇಕು. ಮುಂಗಾರು ಜೂನ್ ಮೊದಲ ವಾರಕ್ಕೆ ಬರುತ್ತದೆ ಎಂದಿಟ್ಟುಕೊಂಡರೂ ಮೇ ಮಧ್ಯದೊಳಗೆ ಕೆಲಸ ಮುಗಿದಿರಬೇಕು.