ಇಪ್ಪತ್ತು ಗಡ್ಡೆ, ಆರು ಮಕ್ಕಳು: ‘ಪ್ಯಾರಾಬೆನ್ ಫ್ರೀ’ ಲೇಬಲ್ ಹಿಂದಿನ ಕಥೆ

ಹೋದ ಬೇಸಿಗೆಯಲ್ಲಿ ಕುಂಡದ ಲೋಳೆಸರದ ಎರಡು ಎಲೆ ಕೊಯ್ದು, ತಿರುಳು ತೆಗೆದು, ಮಿಕ್ಸಿಗೆ ಹಾಕಿ ಮುಖಕ್ಕೆ ಜೆಲ್ ಮಾಡಿದ್ದೆ. ಬಾಟಲಿಗೆ ತುಂಬಿ ಬಚ್ಚಲುಮನೆಯ ಗೂಡಿನಲ್ಲಿಟ್ಟೆ. ಮೂರನೇ ದಿನ ಮುಚ್ಚಳ ತೆಗೆದರೆ ಹುಳಿ ವಾಸನೆ. ಐದನೇ ದಿನಕ್ಕೆ ಮೇಲೆಲ್ಲ ಬೂಷ್ಟು. ಪಕ್ಕದಲ್ಲೇ ಅಂಗಡಿಯಿಂದ ತಂದ ಲೋಷನ್ ಇತ್ತು. ಆರು ತಿಂಗಳಿಂದ ಅಲ್ಲೇ ಇದೆ, ಏನೂ ಆಗಿಲ್ಲ. ಎರಡರಲ್ಲೂ ಜಾಸ್ತಿ ಇರುವುದು ನೀರೇ. ನೀರಿದ್ದ ಕಡೆ ಬೂಷ್ಟು, ಬ್ಯಾಕ್ಟೀರಿಯಾ ಬಂದೇ ಬರುತ್ತವೆ. ಅಂದ್ರೆ ಲೋಷನ್ನಿನಲ್ಲಿ ಅದನ್ನು ಕೆಡದಂತೆ ಕಾಯುವ ಏನೋ ಇದೆ. ಆದರೆ ಅದೇನು ಅಂತ ಬಾಟಲಿಯ ಮುಂಭಾಗ ಹೇಳುವುದಿಲ್ಲ. ಅಲ್ಲಿ ದಪ್ಪ ಅಕ್ಷರದಲ್ಲಿರುವುದು ಏನಿಲ್ಲ ಅನ್ನುವುದು: ‘ಪ್ಯಾರಾಬೆನ್ ಫ್ರೀ’.

ಪ್ಯಾರಾಬೆನ್‌ಗಳು ಹಳೆಯ ವಸ್ತುಗಳು. ಕ್ರೀಮು, ಶಾಂಪೂ, ಔಷಧದ ಸಿರಪ್ಪುಗಳು ಕೆಡದಿರಲಿ ಅಂತ ಹಲವು ದಶಕಗಳಿಂದ ಹಾಕುತ್ತಾ ಬಂದಿದ್ದಾರೆ. ಅಗ್ಗ, ವಾಸನೆಯಿಲ್ಲ, ಸ್ವಲ್ಪ ಹಾಕಿದರೂ ಸಾಕು. ಮೀಥೈಲ್, ಈಥೈಲ್, ಪ್ರೊಪೈಲ್, ಬ್ಯೂಟೈಲ್ ಅಂತ ಇವು ಒಂದೇ ಮನೆಯ ಅಣ್ಣತಮ್ಮಂದಿರು. ಆದರೆ ಗುಣ ಒಂದೇ ಅಲ್ಲ. ಮುಂದಿನ ಕಥೆಗೆ ಇದು ಮುಖ್ಯ.

ಮೊದಲ ಅನುಮಾನ ಬಂದದ್ದು 1998ರಲ್ಲಿ. ಪ್ಯಾರಾಬೆನ್‌ಗಳು ದೇಹದಲ್ಲಿ ಈಸ್ಟ್ರೋಜನ್ ಹಾರ್ಮೋನಿನ ಹಾಗೆ ಸ್ವಲ್ಪ ಕೆಲಸ ಮಾಡಬಲ್ಲವು ಎಂದು ಬ್ರಿಟನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದವರು ತೋರಿಸಿದರು. ಅವರು ನೋಡಿದವುಗಳಲ್ಲಿ ಬ್ಯೂಟೈಲ್‌ಪ್ಯಾರಾಬೆನ್ನಿನ ಶಕ್ತಿ ಜಾಸ್ತಿ. ಅದು ಕೂಡ ನಿಜವಾದ ಈಸ್ಟ್ರೋಜನ್ನಿಗಿಂತ ಸುಮಾರು 10,000 ಪಟ್ಟು ದುರ್ಬಲ. ಆದರೂ ಕೇಳಲೇಬೇಕಾದ ಪ್ರಶ್ನೆ ಅದು. ಕೆಲವು ಸ್ತನ ಕ್ಯಾನ್ಸರ್‌ಗಳು ಬೆಳೆಯುವುದೇ ಈಸ್ಟ್ರೋಜನ್ ಬಲದಿಂದ.

ಆರು ವರ್ಷದ ನಂತರ, 2004ರಲ್ಲಿ, ರೀಡಿಂಗ್ ವಿಶ್ವವಿದ್ಯಾಲಯದ ಫಿಲಿಪ್ಪಾ ಡಾರ್ಬ್ರೆ ಮತ್ತು ಜೊತೆಗಾರರ ಪ್ರಬಂಧ ‘ಜರ್ನಲ್ ಆಫ್ ಅಪ್ಲೈಡ್ ಟಾಕ್ಸಿಕಾಲಜಿ’ಯಲ್ಲಿ ಬಂತು. 20 ಸ್ತನ ಗಡ್ಡೆಗಳ ಮಾದರಿಗಳಲ್ಲಿ ಪ್ಯಾರಾಬೆನ್ ಹುಡುಕಿದ್ದರು. ಸಿಕ್ಕಿತು. ಸರಾಸರಿ ಒಂದು ಗ್ರಾಮಿಗೆ 20.6 ನ್ಯಾನೊಗ್ರಾಮ್. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಸುಮಾರು 20 ಪಾಲು.

ಡಿಯೋಡರೆಂಟ್‌ನಿಂದ ಸ್ತನ ಕ್ಯಾನ್ಸರ್ ಬರುತ್ತದೆ ಎಂಬ ಗಾಳಿಮಾತು ತೊಂಬತ್ತರ ದಶಕದ ಕೊನೆಯಿಂದಲೇ ಇಮೇಲ್‌ಗಳಲ್ಲಿ ಓಡಾಡುತ್ತಿತ್ತು. ಕೆಲವು ಡಿಯೋಡರೆಂಟ್‌ಗಳಲ್ಲೂ ಪ್ಯಾರಾಬೆನ್ ಇರುತ್ತಿದ್ದುದರಿಂದ, ಈಗ ಅದಕ್ಕೊಂದು ಪ್ರಬಂಧವೂ ಸಿಕ್ಕಂತಾಯಿತು.

ಆ ಪ್ರಬಂಧದಲ್ಲಿ ಎರಡು ಕೊರತೆಗಳಿದ್ದವು. ಒಂದು, ಪಕ್ಕದಲ್ಲಿಟ್ಟು ಹೋಲಿಸಲು ಆರೋಗ್ಯವಂತ ಅಂಗಾಂಶ ಇರಲಿಲ್ಲ. 20 ಜನ ಕೆಮ್ಮಿನ ರೋಗಿಗಳ ರಕ್ತದಲ್ಲಿ ಕಾಫಿಯ ಅಂಶ ಸಿಕ್ಕಿತು ಅಂದುಕೊಳ್ಳಿ. ಕೆಮ್ಮಿಲ್ಲದವರ ರಕ್ತ ನೋಡದೆ ಕಾಫಿಯಿಂದಲೇ ಕೆಮ್ಮು ಅನ್ನೋಕಾಗುತ್ತಾ? ಇನ್ನೊಂದು, ಮಾದರಿಯನ್ನೇ ಹಾಕದೆ ನಡೆಸುವ ಖಾಲಿ ಪರೀಕ್ಷೆಗಳಲ್ಲೂ ಪ್ಯಾರಾಬೆನ್ ಕಾಣಿಸಿಕೊಂಡಿತ್ತು. ಆ ಪ್ರಮಾಣವನ್ನು ಕಳೆದು ಲೆಕ್ಕ ಕೊಟ್ಟಿದ್ದರು, ನಿಜ. ಆದರೆ ಇಷ್ಟು ಸಣ್ಣ ಪ್ರಮಾಣ ಅಳೆಯುವಾಗ ಅದು ಸಣ್ಣ ತೊಡಕಲ್ಲ.

ಬೇರೆ ವಿಜ್ಞಾನಿಗಳು ಅದೇ ಪತ್ರಿಕೆಗೆ ಬರೆದು ಇದನ್ನೆಲ್ಲ ಎತ್ತಿದರು. ಪ್ಯಾರಾಬೆನ್‌ನಿಂದ ಕ್ಯಾನ್ಸರ್ ಬಂತು ಎಂದು ನಾವು ಎಲ್ಲೂ ಹೇಳಿಲ್ಲ ಎಂದು ಅದೇ ವರ್ಷ ಡಾರ್ಬ್ರೆ ತಂಡದಿಂದ ಉತ್ತರ ಬಂತು. ಹೌದು, ಅವರು ಹೇಳಿರಲಿಲ್ಲ. ‘ಸಿಕ್ಕಿತು’ ಎಂದಷ್ಟೇ ಬರೆದಿದ್ದರು. ಅದು ‘ಕಾರಣ’ ಆದದ್ದು ಪ್ರಬಂಧದಿಂದ ಪೇಪರಿಗೆ, ಪೇಪರಿನಿಂದ ಬಾಯಿಗೆ ಬರುವ ದಾರಿಯಲ್ಲಿ. ನನಗೆ ಬೇಸರವಾಗುವುದು ಇಲ್ಲೇ. ಪ್ರಬಂಧದ ಸುದ್ದಿ ಮನೆಮನೆಗೆ ಹೋಯಿತು. ಸ್ಪಷ್ಟನೆ ಮಾತ್ರ ಸಂಶೋಧಕರ ಗ್ರಂಥಾಲಯದಲ್ಲೇ ಉಳಿಯಿತು.

2012ರಲ್ಲಿ ಅದೇ ವಿಶ್ವವಿದ್ಯಾಲಯದವರು ಇನ್ನೂ ದೊಡ್ಡ ಕೆಲಸ ಮಾಡಿದರು. 40 ಮಹಿಳೆಯರು, 160 ಮಾದರಿಗಳು. ಬಹುಪಾಲು ಎಲ್ಲದರಲ್ಲೂ ಪ್ಯಾರಾಬೆನ್ ಇತ್ತು. ಕಂಕುಳಿಗೆ ಡಿಯೋಡರೆಂಟ್ ಹಚ್ಚಿಯೇ ಇಲ್ಲ ಎಂದ 7 ಮಹಿಳೆಯರಲ್ಲೂ ಇತ್ತು. ಅಂದ್ರೆ ಅದು ಬೇರೆ ದಾರಿಗಳಿಂದಲೂ ಬರುತ್ತಿದೆ.

ಕಾನೂನು ಮಾಡುವವರು ಅಣ್ಣತಮ್ಮಂದಿರನ್ನು ಬೇರೆ ಬೇರೆಯಾಗಿಯೇ ನೋಡಿದರು. 3 ವರ್ಷದೊಳಗಿನ ಮಕ್ಕಳ ವಸ್ತುಗಳಲ್ಲಿ ಪ್ರೊಪೈಲ್, ಬ್ಯೂಟೈಲ್ ಬಗೆಗಳನ್ನು ಡೆನ್ಮಾರ್ಕ್ 2011ರಲ್ಲೇ ನಿಲ್ಲಿಸಿತು. 2014ರಲ್ಲಿ ಯುರೋಪಿಯನ್ ಒಕ್ಕೂಟ ಸಾಕಷ್ಟು ಮಾಹಿತಿ ಇಲ್ಲದ ಐದು ಪ್ಯಾರಾಬೆನ್‌ಗಳನ್ನು ನಿಷೇಧಿಸಿತು. ಪ್ರೊಪೈಲ್, ಬ್ಯೂಟೈಲ್‌ಗೆ ಶೇ 0.14ರ ಮಿತಿ ಹಾಕಿತು. ಮೀಥೈಲ್, ಈಥೈಲ್‌ಗೆ ಮೊದಲಿನ ಶೇ 0.4ನ್ನೇ ಉಳಿಸಿತು. ಇದು ನನಗೆ ಸರಿ ಅನ್ನಿಸುತ್ತದೆ. ಯಾವುದರ ಬಗ್ಗೆ ಎಷ್ಟು ಗೊತ್ತೋ ಅಷ್ಟಕ್ಕೇ ಕ್ರಮ.

ಮಾರುಕಟ್ಟೆ ಅಷ್ಟು ಹೊತ್ತು ಕಾಯಲಿಲ್ಲ. ಕಂಪನಿಗಳು ಎಲ್ಲ ಪ್ಯಾರಾಬೆನ್‌ಗಳನ್ನೂ ತೆಗೆಯತೊಡಗಿದವು. ಆದರೆ ನೀರು ನೀರೇ ಅಲ್ವಾ? ಆ ಜಾಗಕ್ಕೆ ಬೇರೇನಾದರೂ ಬರಲೇಬೇಕು. ಹಾಗೆ ಬಂದವುಗಳಲ್ಲಿ ಒಂದು ಮೀಥೈಲ್‌ಐಸೋಥಯಾಜೋಲಿನೋನ್, ಚಿಕ್ಕದಾಗಿ ಎಂಐ. ಅದಕ್ಕೆ ಬೇಡಿಕೆ ಬರಲು ಪ್ಯಾರಾಬೆನ್ ಭಯ ಒಂದೇ ಕಾರಣ ಅಲ್ಲ, ಆದರೆ ದೊಡ್ಡ ಕಾರಣ. ಅದಕ್ಕೂ ಮೊದಲು ಎಂಐ ಒಂದು ಮಿಶ್ರಣದ ಭಾಗವಾಗಿ ಹತ್ತು ಲಕ್ಷದಲ್ಲಿ 4 ಭಾಗಕ್ಕೂ ಕಡಿಮೆ ಇರುತ್ತಿತ್ತು. 2005ರಲ್ಲಿ ಯುರೋಪ್ ಅದನ್ನು ಒಂಟಿಯಾಗಿ 100 ಭಾಗದವರೆಗೆ ಹಾಕಲು ಬಿಟ್ಟಿತು. ಕ್ರೀಮಿಗೆ ಬಂತು, ಮಕ್ಕಳನ್ನು ಒರೆಸುವ ವೈಪ್ಸ್‌ಗೂ ಬಂತು.

ಸ್ವಲ್ಪ ವರ್ಷಗಳಲ್ಲೇ ಚರ್ಮದ ವೈದ್ಯರ ಹತ್ತಿರ ಕೆಂಪು ಕಲೆ, ತುರಿಕೆ ಅಂತ ಬರುವವರು ಜಾಸ್ತಿಯಾದರು. 2014ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಆರು ಮಕ್ಕಳ ವಿವರ ಬರೆದರು. ಕುಂಡೆಯ ಸುತ್ತ, ಮುಖದ ಮೇಲೆ, ಕೈಗಳಲ್ಲಿ ವಾಸಿಯಾಗದ ಗುಳ್ಳೆ, ಕಲೆ. ಇಸುಬು, ಸೋರಿಯಾಸಿಸ್ ಅಂತೆಲ್ಲ ತಪ್ಪಾಗಿ ಗುರುತಿಸಿ ಔಷಧ ಕೊಟ್ಟಿದ್ದರು. ಪರೀಕ್ಷೆ ಮಾಡಿದಾಗ ಎಂಐ ಅಲರ್ಜಿ ಅಂತ ಗೊತ್ತಾಯಿತು. ವೈಪ್ಸ್ ನಿಲ್ಲಿಸಿದರು. ಆರೂ ಮಕ್ಕಳ ಚರ್ಮ ಬೇಗ, ಪೂರ್ತಿಯಾಗಿ ವಾಸಿಯಾಯಿತು.

ಆರೇ ಮಕ್ಕಳು. ಸಂಖ್ಯೆ ನೋಡಿದರೆ ಆ 20 ಗಡ್ಡೆಗಳಿಗಿಂತ ಕಡಿಮೆ. ಆದರೂ ಈ ಪ್ರಬಂಧವನ್ನು ನಾನು ಹೆಚ್ಚು ನಂಬುತ್ತೇನೆ. ಇಲ್ಲಿ ವಸ್ತುವನ್ನು ಬಿಟ್ಟು ನೋಡಿದ್ದಾರೆ, ಬಿಟ್ಟಾಗ ಕಾಯಿಲೆಯೂ ಹೋಗಿದೆ. ಚರ್ಮದ ಮೇಲಿನ ಪರೀಕ್ಷೆಯೂ ಅದನ್ನೇ ಹೇಳಿದೆ. ಅಲ್ಲಿ ಇಲ್ಲದಿದ್ದ ಹೋಲಿಕೆ ಇಲ್ಲಿದೆ.

ಅಷ್ಟು ಹೊತ್ತಿಗೆ ಅಮೆರಿಕನ್ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ ಎಂಐಯನ್ನು 2013ರ ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತ್ತು. ಹಚ್ಚಿ ಹಾಗೇ ಬಿಡುವ ವಸ್ತುಗಳಲ್ಲಿ ಇದು ಬೇಡ ಎಂದು ಯುರೋಪಿನ ಉದ್ಯಮ ಸಂಘವೇ ಆ ವರ್ಷದ ಕೊನೆಗೆ ತನ್ನ ಸದಸ್ಯರಿಗೆ ಹೇಳಿತು. ಕಾನೂನಿನ ನಿಷೇಧ ಬರಲು 2017 ಆಯಿತು, ಅನುಮತಿ ಕೊಟ್ಟು ಹನ್ನೆರಡು ವರ್ಷದ ಮೇಲೆ. ತೊಳೆದುಬಿಡುವ ಶಾಂಪೂ, ಸೋಪುಗಳಲ್ಲಿ ಹತ್ತು ಲಕ್ಷದಲ್ಲಿ 100 ಭಾಗ ಇದ್ದ ಮಿತಿ 2018ರಲ್ಲಿ 15ಕ್ಕೆ ಇಳಿಯಿತು. ಅನುಮತಿ ಕೊಟ್ಟು ಹನ್ನೆರಡು ವರ್ಷದ ಮೇಲೆ. ಈ ನಡುವೆ ಅಲರ್ಜಿ ಅಂಟಿಸಿಕೊಂಡವರಿಗೆ ಅದು ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಇದೇ ಎಂಐಯನ್ನು ಗೋಡೆಗೆ ಬಳಿಯುವ ಪೇಂಟಿನಲ್ಲೂ ಹಾಕುತ್ತಾರೆ. ಹೊಸದಾಗಿ ಬಣ್ಣ ಬಳಿದ ಕೋಣೆಗೆ ಹೋದರೂ ಮುಖ ಊದಿಕೊಳ್ಳುವವರಿದ್ದಾರೆ.

2019ರಲ್ಲಿ ಅದೇ ಅಮೆರಿಕನ್ ಸೊಸೈಟಿ ಪ್ಯಾರಾಬೆನ್‌ಗಳನ್ನು ‘ವರ್ಷದ ಅಲರ್ಜಿ ತಾರದ ವಸ್ತು’ ಎಂದು ಕರೆಯಿತು. ಚರ್ಮದ ಅಲರ್ಜಿಯ ಮಟ್ಟಿಗೆ ಇದಕ್ಕಿಂತ ಸೌಮ್ಯವಾದ ಸಂರಕ್ಷಕಗಳು ಕಡಿಮೆ ಎಂದು ಜನರಿಗೆ ನೆನಪಿಸಲು. ಅದೇ ವರ್ಷ ಜುಲೈಯಿಂದ ಜಾರಿಯಾದ ಯುರೋಪಿನ ಮಾರ್ಗದರ್ಶಿ, ‘ಪ್ಯಾರಾಬೆನ್ ಫ್ರೀ’ ಎಂದು ಬರೆಯುವುದು ಸರಿಯಲ್ಲ ಎಂದಿತು. ಕಾನೂನು ಒಪ್ಪಿದ ವಸ್ತುವನ್ನು ಸುಮ್ನೆ ಕೆಟ್ಟದ್ದು ಅನ್ನಿಸುವುದು ಬೇಡ ಎಂಬುದು ಅದರ ವಾದ. ನಮ್ಮ ಅಂಗಡಿಗಳಲ್ಲಿ ಆ ಮಾತು ಇನ್ನೂ ಬಾಟಲಿಯ ಮುಂಭಾಗದಲ್ಲೇ ಇದೆ.

ತಂಗಿ ಈಗ ತನ್ನ ಪಾಪುವಿಗೆ ವೈಪ್ಸ್ ತರುವ ಮೊದಲು ಪೊಟ್ಟಣದ ಹಿಂಭಾಗದ ಫೋಟೊ ತೆಗೆದು ನನಗೆ ಕಳಿಸುತ್ತಾಳೆ. ಅಕ್ಷರ ಸಾಸಿವೆಗಿಂತ ಸಣ್ಣವು. ಫೋನಿನಲ್ಲಿ ದೊಡ್ಡದು ಮಾಡಿ, ಬೆರಳಿಟ್ಟು ಸಾಲು ಸಾಲಾಗಿ ಓದುತ್ತೇನೆ. ಮೊದಲು ಹುಡುಕುವುದು ಆ ಉದ್ದನೆಯ ಹೆಸರನ್ನು: ಮೀಥೈಲ್‌ಐಸೋಥಯಾಜೋಲಿನೋನ್.