ನೀರಲ್ಲಿ ನಿಂತು ಬಾಯಾರಿದ ಗಿಡ

ಎರಡು ವರ್ಷದ ಹಿಂದೆ ಆಷಾಢದ ಮಳೆಗೆ ನಮ್ಮ ತೋಟದ ಧರೆ ಕುಸಿದು ಬಸಿಗಾಲುವೆ ಮುಚ್ಚಿಹೋಯಿತು. ಮಳೆ ಹೊಳವಾದ ಮೇಲೆ ಮಣ್ಣು ಎತ್ತಿದರಾಯಿತು ಅಂತ ನಾನು ಸುಮ್ನೆ ಕೂತೆ. ಮಳೆ ಬಿಡಲೇ ಇಲ್ಲ. ವಾರ ಕಳೆದು ಹೋಗಿ ನೋಡಿದರೆ ಕೆಳಗಿನ ಸಾಲಿನ ಅಡಿಕೆ ಸಸಿಗಳ ಸೋಗೆ ಜೋತುಬಿದ್ದಿತ್ತು, ಥೇಟ್ ಬೇಸಿಗೆಯಲ್ಲಿ ನೀರು ಕಾಣದ ಸಸಿಗಳ ಹಾಗೆ. ಬುಡದಲ್ಲಿ ಗೇಣುದ್ದ ನೀರು, ಮೇಲೆ ಬಾಯಾರಿಕೆ.

ಬೇರು ಕೊಳೆತಿದೆ ಅನ್ನುತ್ತೇವೆ. ಕೊಳೆಯುವುದು ಆಮೇಲಿನ ಮಾತು, ಮೊದಲು ಬೇರಿಗೆ ಉಸಿರು ಕಟ್ಟುತ್ತದೆ. ಬೇರಿಗೂ ಆಮ್ಲಜನಕ ಬೇಕು. ಅದು ಸಿಗುವುದು ಮಣ್ಣಿನ ಸಂದಿಯ ಗಾಳಿಯಿಂದ. ಸಂದಿಗೆಲ್ಲ ನೀರು ತುಂಬಿದರೆ ಕಥೆ ಮುಗಿಯಿತು. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಲ್ಲಿ ಹರಡುವುದು ಸುಮಾರು 10,000 ಪಟ್ಟು ನಿಧಾನ. ಉಸಿರಿಲ್ಲದ ಬೇರಿಗೆ ಶಕ್ತಿ ಇಲ್ಲ. ಅದರ ಜೀವಕೋಶಗಳು ನೀರು ಒಳಗೆ ಬರುವ ಸಣ್ಣ ಸಣ್ಣ ಬಾಗಿಲುಗಳನ್ನೂ ಮುಚ್ಚಿಕೊಳ್ಳುತ್ತವೆ. ಸೋಗೆ ಬಾಡುವುದು ಅದಕ್ಕೇ.

ಹಾಗಾದರೆ ತೋಟದ ಕೆಳಗಿನ ಗದ್ದೆಯಲ್ಲಿ ಭತ್ತ ಹೇಗೆ ನಗುನಗುತ್ತಾ ನಿಂತಿರುತ್ತದೆ? ಒಂದು ಬುಡ ಕಿತ್ತು ತೊಳೆದು ನೋಡಿ. ಹಳೆಯ ಬೇರುಗಳ ಮೇಲೆ ಕೆಂಗಂದು ಬಣ್ಣದ ಲೇಪ ಕಾಣುತ್ತದೆ. ಅದು ತುಕ್ಕು! ಭತ್ತದ ಕಾಂಡ, ಬೇರಿನ ಒಳಗೆಲ್ಲ ಗಾಳಿ ಓಡಾಡುವ ಟೊಳ್ಳು ಇರುತ್ತದೆ. ಎಲೆಯಿಂದ ಇಳಿದ ಆಮ್ಲಜನಕ ಬೇರಿನಿಂದ ಸ್ವಲ್ಪ ಹೊರಗೂ ಸೋರಿ, ಕೆಸರಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ನಮ್ಮ ಜಂಬಿಟ್ಟಿಗೆ ಮಣ್ಣಲ್ಲಿ ಕಬ್ಬಿಣಕ್ಕೇನು ಬರ, ಅಲ್ವಾ?

ಮರಗಳ ಉಪಾಯ ನೋಡಬೇಕಾದರೆ ಜೋಗ ದಾಟಿ ಹೊನ್ನಾವರದ ಕಡೆ ಇಳಿಯಬೇಕು. ದಾರಿಯಲ್ಲಿ ಕತ್ತಲೆಕಾನು ಸಿಗುತ್ತದೆ. ಅಲ್ಲಿ ರಾಮಪತ್ರೆ ಜಡ್ಡಿಗಳಿವೆ. ಹಳ್ಳದ ನೀರು ನಿಂತು ಜೌಗಾದ ಕಾಡು ಅದು. ಇಂಬಳಗಳಿಗೆ ಒಂದಿಷ್ಟು ರಕ್ತದಾನ ಮಾಡಿ ಒಳಗೆ ಹೋದರೆ, ಯಾರೋ ಕೆಸರಲ್ಲಿ ಮಲಗಿ ಮೊಣಕಾಲು ಮಡಚಿದ ಹಾಗೆ ಬೇರುಗಳು ಮೇಲೆದ್ದು ಮತ್ತೆ ಒಳಗೆ ಮುಳುಗುವುದು ಕಾಣುತ್ತದೆ. ಉಸಿರಿಗಾಗಿ ಎದ್ದ ಬೇರುಗಳು ಅವು. ಅದೇ ದಾರಿಯಲ್ಲಿ ಶರಾವತಿಯ ಅಳಿವೆಗೆ ಹೋದರೆ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡಗಳದ್ದೂ ಅದೇ ಗೋಳು, ಹೆಚ್ಚುಕಮ್ಮಿ ಅದೇ ಉಪಾಯ. ಕೆಲವಕ್ಕೆ ಊರುಗೋಲಿನಂಥ ಬೇರು, ಕೆಲವಕ್ಕೆ ಪೆನ್ಸಿಲ್ ನೆಟ್ಟ ಹಾಗೆ ಕೆಸರಿನಿಂದ ಮೇಲೆದ್ದ ಬೇರು. ಎಲ್ಲಿಯ ಜಡ್ಡಿ, ಎಲ್ಲಿಯ ಕಡಲು! ನಂಟೂ ಇಲ್ಲದ ಕುಲಗಳು.

ಈ ಬೇರು ನಿಜವಾಗಿಯೂ ಉಸಿರಾಡುತ್ತದೆ ಅಂತ ತೋರಿಸಿದವರಲ್ಲಿ ಪೆರ್ ಶೊಲಾಂಡರ್ ಒಬ್ಬರು. ಮುಳುಗಿದ ಸೀಲ್ ಪ್ರಾಣಿಗಳು ಹೇಗೆ ಉಸಿರು ಹಿಡಿದಿರುತ್ತವೆ ಅಂತ ಅಭ್ಯಾಸ ಮಾಡಿದ್ದ ವಿಜ್ಞಾನಿ. ಮುಳುಗುವ ಮರದ ಕಡೆ ಅವರ ಕಣ್ಣು ಹೋದದ್ದು ಸಹಜವೇ. 1955ರಲ್ಲಿ ಪ್ರಕಟವಾದ ಅವರ ತಂಡದ ಪ್ರಯೋಗ ಬಲು ಸರಳ. ಕಾಂಡ್ಲಾ ಬೇರಿನ ಮೇಲಿನ ಸಣ್ಣ ರಂಧ್ರಗಳಿಗೆ ಗ್ರೀಸ್ ಮೆತ್ತಿದರು. ಕೆಸರೊಳಗಿನ ಬೇರಿನಲ್ಲಿ ಆಮ್ಲಜನಕ ಇಳಿಯುತ್ತಾ ಹೋಯಿತು. ಮೂಗು ಮುಚ್ಚಿದ ಹಾಗೆ, ಅಷ್ಟೇ.

ಅವರ ಇನ್ನೊಂದು ಕೆಲಸ ನನಗೆ ಇನ್ನೂ ಇಷ್ಟ. ಕಾಂಡ್ಲಾ ಗಿಡಕ್ಕೆ ಕೆಸರಷ್ಟೇ ಅಲ್ಲ, ಉಪ್ಪಿನ ಕಾಟವೂ ಇದೆ. ಉಪ್ಪು ಹಾಕಿದ ಮಾವಿನ ಮಿಡಿಯಿಂದ ನೀರು ಬಿಡುತ್ತದಲ್ಲ, ಸಮುದ್ರದ ನೀರು ಬೇರಿನಿಂದ ಹಾಗೆಯೇ ನೀರು ಎಳೆಯಲು ನೋಡುತ್ತದೆ. ಗಿಡ ಅದಕ್ಕಿಂತ ಜೋರಾಗಿ ಎಳೆಯಬೇಕು. ಎಷ್ಟು ಜೋರು? ಶೊಲಾಂಡರ್ ಟೊಂಗೆ ಕತ್ತರಿಸಿ, ಎಲೆಯ ಭಾಗ ಒಳಗಿಟ್ಟು, ಕತ್ತರಿಸಿದ ತುದಿ ಮಾತ್ರ ಗ್ಯಾಸ್ಕೆಟ್‌ನಿಂದ ಹೊರಗೆ ಇಣುಕುವಂಥ ಉಕ್ಕಿನ ಡಬ್ಬಿ ಮಾಡಿದರು. ಹೆಚ್ಚುಕಮ್ಮಿ ನಮ್ಮ ಕುಕ್ಕರೇ. ಒಳಗೆ ಒತ್ತಡ ಏರಿಸುತ್ತಾ ಹೋದಾಗ ತುದಿಯಲ್ಲಿ ರಸದ ಹನಿ ಕಾಣುತ್ತದೆ. ಗಿಡ ಎಷ್ಟು ಎಳೆಯುತ್ತಿತ್ತು ಎಂಬುದಕ್ಕೆ ಅದೇ ಲೆಕ್ಕ. ಕಾಂಡ್ಲಾದಲ್ಲಿ ಅದು ಗಾಳಿಯ ಒತ್ತಡದ 30 ಪಟ್ಟನ್ನೂ ಮೀರಿತು. ಕಾರಿನ ಟೈರಿಗೆ ನಾವು ಹೊಡೆಸುವುದು 2ರ ಆಸುಪಾಸು! 1965ರ ಆ ಡಬ್ಬಿಯ ಮರಿಗಳನ್ನು ಗಿಡಗಳ ಬಾಯಾರಿಕೆ ಅಳೆಯಲು ಈಗಲೂ ಬಳಸುತ್ತಾರೆ.

ಉಪ್ಪು ತಾಳುವ ಈ ಗಿಡಗಳ ಪಾಲಿಗೆ ನಮ್ಮ ಮಲೆನಾಡಿನ ನೀರೂ ಒಂದು ಲೆಕ್ಕವೇ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂತು. ವಿದ್ಯುತ್ ಮಾಡಿದ ಮೇಲೆ ಬಿಡುವ ಸಿಹಿನೀರು ಈಗ ಬೇಸಿಗೆಯಲ್ಲೂ ಕೆಳಗೆ ಹರಿಯುತ್ತದೆ. ಮೊದಲು ಮಾರ್ಚ್–ಏಪ್ರಿಲ್‌ನಲ್ಲಿ ಉಪ್ಪೇರುತ್ತಿದ್ದ ಅಳಿವೆ ಸಪ್ಪೆಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸುಭಾಷ್ ಚಂದ್ರನ್, ಟಿ. ವಿ. ರಾಮಚಂದ್ರ ಅವರ ತಂಡ ಇದನ್ನು ಪಕ್ಕದ ಅಘನಾಶಿನಿಯ ಜೊತೆ ಹೋಲಿಸಿ ನೋಡಿದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. 2024ರಲ್ಲಿ ಅದರ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಅಲ್ಲಿ ಇಳಿತದ ಹೊತ್ತಿಗೆ ಹೋದರೆ ಸೊಂಟದವರೆಗೆ ನೀರಲ್ಲಿ ನಿಂತು ಬಳಚು ಎಂಬ ತಿನ್ನುವ ಚಿಪ್ಪುಜೀವಿ ಆರಿಸುವವರು ಕಾಣುತ್ತಾರೆ. ಸಪ್ಪೆಯಾದ ಶರಾವತಿಯ ಕಡೆ ಬಳಚು ಅಪರೂಪ.

ನಮ್ಮ ಬಸಿಗಾಲುವೆಯನ್ನು ಈ ಸಲ ಮೃಗಶಿರಾ ಮಳೆಗೆ ಮೊದಲೇ ತೆಗೆಸಿದ್ದೇನೆ. ಆ ನೀರೂ ಹಳ್ಳ ಸೇರಿ ಶರಾವತಿಗೇ ಹೋಗುವುದು.