ರೆಡ್‌ಸ್ಟಾಕಿಸಂ: ಪ್ರೇತ ಕರೆಸುವ ಕೂಟವಲ್ಲ

‘ಅನ್ನಾ ಕರೆನಿನಾ’ದ ಕೌಂಟೆಸ್ ಲಿಡಿಯಾ ಇವಾನೊವ್ನಾಳನ್ನು ‘ಪ್ರೇತವಾದಿ’, ಅಂದರೆ ಸತ್ತವರ ಆತ್ಮಗಳೊಡನೆ ಮಾತಾಡಬಹುದೆಂದು ನಂಬುವವಳು, ಎಂದು ಬರೆಯುವುದು ಇನ್ನಾದರೂ ನಿಲ್ಲಬೇಕು. ಟಾಲ್‌ಸ್ಟಾಯ್ ಆಕೆಗೆ ಕೊಟ್ಟದ್ದು ರೆಡ್‌ಸ್ಟಾಕಿಸಂನ ನಂಬಿಕೆ. ಅದಕ್ಕೂ ಪ್ರೇತವಾದಕ್ಕೂ ಸಂಬಂಧವಿಲ್ಲ.

1874ರಲ್ಲಿ ಪೀಟರ್ಸ್‌ಬರ್ಗಿಗೆ ಬಂದ ಇಂಗ್ಲಿಷ್ ಲಾರ್ಡ್ ರೆಡ್‌ಸ್ಟಾಕ್ ಶ್ರೀಮಂತರ ದಿವಾನಖಾನೆಗಳಲ್ಲಿ ಫ್ರೆಂಚ್ ಭಾಷೆಯಲ್ಲಿ ಬೈಬಲ್ ಬೋಧಿಸಿದ. ಕ್ರಿಸ್ತನಲ್ಲಿ ನಂಬಿಕೆಯಿಟ್ಟರೆ ರಕ್ಷಣೆ. ಸತ್ಕಾರ್ಯ ಆ ನಂಬಿಕೆಯ ಫಲ, ರಕ್ಷಣೆಗೆ ತೆರುವ ಬೆಲೆಯಲ್ಲ. ಬೋಧನೆಯ ತಿರುಳು ಇಷ್ಟೇ. ನಿವೃತ್ತ ಕರ್ನಲ್ ವಾಸಿಲಿ ಪಾಶ್ಕೊವ್ ಮುಂದಾಳಾದ ಮೇಲೆ ಇದಕ್ಕೆ ಪಾಶ್ಕೊವ್ ಪಂಥವೆಂಬ ಹೆಸರೂ ಬಂತು. 1884ರಲ್ಲಿ ಸರ್ಕಾರ ಅವನನ್ನು ದೇಶದಿಂದಲೇ ಹೊರಹಾಕಿತು. ರಷ್ಯಾ ಸಾಮ್ರಾಜ್ಯದ ದಕ್ಷಿಣದ ರೈತರಲ್ಲಿ ಹಬ್ಬಿದ ಸ್ಟುಂಡಿಸಂ ಎಂಬ ಬೈಬಲ್ ಚಳವಳಿ ಬೇರೆಯೇ ಕವಲು. ಆ ಹೆಸರು ಬಂದದ್ದು ಜರ್ಮನ್ ವಲಸಿಗರ ‘ಸ್ಟುಂಡೆ’, ಅಂದರೆ ಪ್ರಾರ್ಥನೆಯ ಗಂಟೆಯಿಂದ.

ಗೊಂದಲದ ಮೂಲ ಕಾದಂಬರಿಯ ಏಳನೇ ಭಾಗದಲ್ಲಿದೆ. ತಂಗಿ ಅನ್ನಾಳ ವಿಚ್ಛೇದನಕ್ಕೆ ಒಪ್ಪಿಗೆ ಕೇಳಲು ಬಂದ ಸ್ತೀವಾನ ಮುಂದೆ ಲಿಡಿಯಾ, ನಂಬಿದವನಿಗೆ ಪಾಪವೇ ಇಲ್ಲ ಎನ್ನುತ್ತಾಳೆ. ಇಂಗ್ಲಿಷ್ ಭಕ್ತಿಪುಸ್ತಕವೊಂದನ್ನು ಓದಿ ಹೇಳುತ್ತಾಳೆ. ಇಲ್ಲಿಯವರೆಗೆ ಅಪ್ಪಟ ರೆಡ್‌ಸ್ಟಾಕ್. ಆಮೇಲೆ ಲಾಂಡೋ ಎಂಬ ದಿವ್ಯದೃಷ್ಟಿಯವನು ನಿದ್ದೆಯಲ್ಲಿದ್ದಂತೆಯೇ, ಕೊನೆಗೆ ಬಂದವರು ಹೊರಡಲಿ ಎನ್ನುತ್ತಾನೆ. ಮರುದಿನ ಅನ್ನಾಳ ಗಂಡ ಕರೆನಿನ್ ವಿಚ್ಛೇದನ ನಿರಾಕರಿಸುತ್ತಾನೆ. ಆ ಕಾಲದ ಎರಡು ಬೇರೆ ಬೇರೆ ಗೀಳುಗಳನ್ನು ಟಾಲ್‌ಸ್ಟಾಯ್ ಬೇಕೆಂದೇ ಒಂದೇ ಕೋಣೆಗೆ ತಂದಿದ್ದಾನೆ. ಅದು ಕಾದಂಬರಿಕಾರನ ಸ್ವಾತಂತ್ರ್ಯ. ಅದನ್ನೇ ಇತಿಹಾಸವೆಂದು ಓದಿದರೆ ಆತನ ವ್ಯಂಗ್ಯವೂ ಕೈತಪ್ಪುತ್ತದೆ.

ದಾಸ್ತೋವ್‌ಸ್ಕಿ ಇವೆರಡನ್ನೂ ಬೆರೆಸಲಿಲ್ಲ. 1876ರ ಮಾರ್ಚ್ ತಿಂಗಳ ‘ಲೇಖಕನ ದಿನಚರಿ’ಯಲ್ಲಿ ರೆಡ್‌ಸ್ಟಾಕ್‌ಗೆ ಒಂದು ಭಾಗ, ಪ್ರೇತವಾದದ ತನಿಖಾ ಸಮಿತಿಯ ವರದಿಗೆ ಇನ್ನೊಂದು. ಲಾರ್ಡನ ಮಾತಿನಲ್ಲಿ ಅವನಿಗೆ ವಿಶೇಷವೇನೂ ಕಾಣಲಿಲ್ಲ. ಮೇಲ್ವರ್ಗ ಸ್ವಂತ ನೆಲದಿಂದ ಬೇರ್ಪಟ್ಟು ತನ್ನ ಆರ್ಥಡಾಕ್ಸ್ ಧರ್ಮವನ್ನೇ ಅರಿಯದಿರುವುದರಿಂದ ಜನ ಮುಗಿಬೀಳುತ್ತಿದ್ದಾರೆ ಎಂಬುದು ಅವನ ವಾದ. ಕಾರಣವನ್ನು ಬೋಧಕನಲ್ಲಿ ಹುಡುಕದೆ ಕೇಳುಗರಲ್ಲಿ ಹುಡುಕಿದ್ದರಿಂದಲೇ ಆ ಪುಟ್ಟ ಬರಹಕ್ಕೆ ಇಂದಿಗೂ ತೂಕವಿದೆ.

ರಷ್ಯನ್ ಲೇಖಕ ಲೆಸ್ಕೊವ್ ರೆಡ್‌ಸ್ಟಾಕ್ ಕುರಿತ ತನ್ನ ಕೃತಿಗೆ ‘ಮೇಲ್ವರ್ಗದ ರಾಸ್ಕೊಲ್’ ಎಂದು ಹೆಸರಿಟ್ಟ. ರಾಸ್ಕೊಲ್ ಎಂದರೆ ಸೀಳು. ರಷ್ಯನ್ ಓದುಗನಿಗೆ ಒಡನೆ ನೆನಪಾಗುವುದು 17ನೇ ಶತಮಾನದಲ್ಲಿ ಚರ್ಚನ್ನು ಸೀಳಿದ ಜಗಳ. ಶೀರ್ಷಿಕೆ ಚುರುಕಾಗಿದೆ, ಆದರೆ ಅಳತೆ ಮೀರಿದೆ. ರೆಡ್‌ಸ್ಟಾಕ್ ಹೊಸ ಚರ್ಚು ಕಟ್ಟಲಿಲ್ಲ, ಅವನನ್ನು ಕೇಳಿದ ಹೆಚ್ಚಿನವರು ಹಳೆಯದನ್ನು ಬಿಡಲೂ ಇಲ್ಲ. ಇದನ್ನು ಟಾಲ್‌ಸ್ಟಾಯ್ 1899ರ ‘ಪುನರುತ್ಥಾನ’ದಲ್ಲಿ ಸರಿಯಾಗಿ ಹಿಡಿದಿದ್ದಾನೆ: ಕೌಂಟೆಸ್ ಕತೆರೀನಾ ಇವಾನೊವ್ನಾ ವಿಗ್ರಹಚಿತ್ರಗಳನ್ನೂ ಸಂಸ್ಕಾರಗಳನ್ನೂ ತಳ್ಳಿಹಾಕುವ ಬೋಧನೆಗೆ ಮನಸೋತವಳು, ಆದರೂ ಆಕೆಯ ಹಾಸಿಗೆಯ ಮೇಲ್ಗಡೆಯೂ ವಿಗ್ರಹಚಿತ್ರವಿದೆ, ಚರ್ಚಿನ ಒಂದು ವಿಧಿಯನ್ನೂ ಆಕೆ ತಪ್ಪಿಸುವುದಿಲ್ಲ.